ಗೇಟು ದಾಟದ ಬಂಡಿಗಳು

ಇಲ್ಲಿಯವರೆಗೆ ನಾನು ಹನ್ನೊಂದು ವಾಹನಗಳನ್ನು ವಿನ್ಯಾಸ ಮಾಡಿದ್ದೇನೆ. ಒಂದೂ ನಮ್ಮನೆ ಗೇಟು ದಾಟಿಲ್ಲ. ಗೇಟಿನ ಮಾತಿರಲಿ, ಮಹಡಿ ಕೋಣೆಯ ಕಂಪ್ಯೂಟರಿನಿಂದ ಕೆಳಕ್ಕೇ ಇಳಿದಿಲ್ಲ. ಆದರೂ ಹನ್ನೊಂದಕ್ಕೂ ಹೆಸರಿದೆ, ಬಣ್ಣವಿದೆ, ನಂಬರ್ ಪ್ಲೇಟಿದೆ. ಒಂದರಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡಾಗ ಕಾಲು ಚಾಚಿ ಮಲಗುವ ಸೀಟಿದೆ. ಇನ್ನೊಂದು, ಮಡಚಿದರೆ ಬಾಗಿಲ ಸಂದಿಯಲ್ಲಿ ಚಾಪೆಯ ಪಕ್ಕ ನಿಲ್ಲುವ ಮೂರು ಚಕ್ರದ ಸೈಕಲ್ಲು. ಮತ್ತೊಂದು, ತೆಂಗಿನಕಾಯಿ ಹೇರಿಕೊಂಡು ತೋಟದ ಬದುವಿನ ಮೇಲೆ ತಾನೇ ಹೋಗುವ ಬ್ಯಾಟರಿ ಬಂಡಿ. ಮೌಸ್ ಹಿಡಿದು ಎಳೆದರೆ ಎಲ್ಲವೂ ಗಿರಗಿರ ತಿರುಗುತ್ತವೆ. ಹೊಟ್ಟೆ ತೋರಿಸುತ್ತವೆ, ಬೆನ್ನು ತೋರಿಸುತ್ತವೆ, ಬೇಕೆಂದರೆ ಅಡ್ಡ ಸೀಳಿಸಿಕೊಂಡು ಕರುಳನ್ನೂ ತೋರಿಸುತ್ತವೆ.

ಕಾಫಿ ತಂದಿಟ್ಟಾಗೊಮ್ಮೆ ನನ್ನ ಹೆಂಡತಿ ಪರದೆ ನೋಡಿ ಕೇಳುತ್ತಾಳೆ: “ರೀ, ಇದರಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರೋಕಾಗುತ್ತಾ?”

“ಇನ್ನೂ ಬ್ರೇಕ್ ಕೂರಿಸಿಲ್ಲ ಕಣೇ” ಅನ್ನುತ್ತೇನೆ.

1985ರಲ್ಲಿ ಡಿಪ್ಲೊಮಾ ಮುಗಿಸಿ ತಿಪಟೂರಿನ ಕಡೆಯಿಂದ ಪೀಣ್ಯಕ್ಕೆ ಬಂದವನು ನಾನು. ಆಗ ನನ್ನ ಚರಾಸ್ತಿಯೆಂದರೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಮಿನಿ ಡ್ರಾಫ್ಟರು. ಬಸ್ಸಿನಲ್ಲಿ ಆ ಡ್ರಾಫ್ಟರಿನ ಕೈ ಯಾರ್‍ಯಾರದೋ ಪಕ್ಕೆ ತಿವಿಯುತ್ತಿತ್ತು. ಟೂಲ್ ರೂಮಿನ ಕೆಲಸ. ಟ್ರೇಸಿಂಗ್ ಹಾಳೆಯ ಮೇಲೆ ಶಾಯಿ ಪೆನ್ನಿನಿಂದ ಗೆರೆ ಎಳೆಯಬೇಕು. ತಪ್ಪಿದರೆ ಅರ್ಧ ಬ್ಲೇಡಿನಿಂದ ಉಸಿರು ಬಿಗಿಹಿಡಿದು ಕೆರೆಯಬೇಕು, ಕೆರೆದ ಜಾಗವನ್ನು ಉಗುರಿನಿಂದ ಉಜ್ಜಿ ನುಣುಪು ಮಾಡಬೇಕು. ಮಾಡದಿದ್ದರೆ ಮುಂದಿನ ಗೆರೆಯ ಶಾಯಿ ಅಲ್ಲಿ ರಂಗೋಲಿಯಾಗಿ ಹರಡುತ್ತಿತ್ತು. ಆಮೇಲೆ ಅಮೋನಿಯಾ ಪ್ರಿಂಟು. ಆ ಕೋಣೆಯಿಂದ ಹೊರಬಂದವರು ಸಾವಿನ ಮನೆಗೆ ಹೋಗಿ ಬಂದಂತೆ ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದರು. ಹಾಳೆಯನ್ನು ಬೆಳಕಿಗೆ ಹಿಡಿದರೆ ಸಾಕು, ಯಾರು ಎಲ್ಲಿ ಎಷ್ಟು ಸಲ ತಪ್ಪಿದ್ದಾರೆಂದು ಕಾಣುತ್ತಿತ್ತು. ನನ್ನ ಕೆಲವು ಹಾಳೆಗಳು ಕೆರೆದೂ ಕೆರೆದೂ ಹಪ್ಪಳದಷ್ಟು ತೆಳ್ಳಗಾಗಿದ್ದವು.

ಆಟೋಕ್ಯಾಡ್ ಹುಟ್ಟಿದ್ದು 1982ರಲ್ಲಿ. ನಮ್ಮ ಶೆಡ್ಡು ಹುಡುಕಿಕೊಂಡು ಬರಲು ಅದಕ್ಕೆ ಹನ್ನೊಂದು ವರ್ಷ ಬೇಕಾಯಿತು. ಅಸಲಿಗೆ 1963ರಲ್ಲೇ, ಅಂದರೆ ನಾನು ಹುಟ್ಟುವುದಕ್ಕಿಂತ ಮುಂಚೆಯೇ, ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬ ವಿದ್ಯಾರ್ಥಿ ಬೆಳಕಿನ ಪೆನ್ನು ಹಿಡಿದು ಕಂಪ್ಯೂಟರ್ ಪರದೆಯ ಮೇಲೆ ಗೆರೆ ಎಳೆದಾಗಿತ್ತು. ಅದಿರಲಿ. ನಮ್ಮಲ್ಲಿಗೆ ಬಂದದ್ದು ಒಂದೇ ಕಂಪ್ಯೂಟರು, ಡ್ರಾಫ್ಟ್ಸ್‌ಮನ್‌ಗಳು ನಾಲ್ವರು. ಅದಕ್ಕೊಂದು ಎ.ಸಿ. ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಆಯುಧಪೂಜೆಯ ದಿನ ಮಾನಿಟರಿಗೆ ಹಚ್ಚಿದ ಕುಂಕುಮ ಸಂಕ್ರಾಂತಿಯವರೆಗೂ ಇತ್ತು. ಒರೆಸಲು ಯಾರಿಗೂ ಧೈರ್ಯವಾಗಲಿಲ್ಲ. ಅದರ ಎಡಗಡೆ ಬರೆದ ಡ್ರಾಯಿಂಗುಗಳೆಲ್ಲ ಸ್ವಲ್ಪ ಕೆಂಪಗೆ ಕಾಣುತ್ತಿದ್ದವು.

ಆಗಲೇ ನಾನು ಮೊದಲ ಸಲ ‘ಅನ್‌ಡೂ’ ಒತ್ತಿದ್ದು. ತಪ್ಪು ಹೋಯಿತು. ಬ್ಲೇಡಿಲ್ಲ, ಉಗುರಿಲ್ಲ, ಗಾಯದ ಗುರುತೂ ಇಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬಾಳಿನಲ್ಲಿ ಎಲ್ಲೆಲ್ಲಿ ಒತ್ತಬಹುದಿತ್ತೆಂದು ಲೆಕ್ಕ ಹಾಕುತ್ತಾ ಬೆಳಗು ಮಾಡಿದೆ.

ಚಪ್ಪಟೆ ಗೆರೆಗಳು ಹೋಗಿ ಮೂರು ಆಯಾಮದ ಗಟ್ಟಿ ವಸ್ತುಗಳನ್ನೇ ಕಡೆಯುವ ಸಾಲಿಡ್‌ವರ್ಕ್ಸ್ ಬಂದಾಗ ನನಗೆ ಹುಚ್ಚೇ ಹಿಡಿಯಿತು. 1995ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಈ ತಂತ್ರಾಂಶದ ಹುಟ್ಟಿನ ಕತೆಯೂ ಸ್ವಾರಸ್ಯದ್ದೇ. ಕಂಪನಿ ಕಟ್ಟಿದ ಜಾನ್ ಹರ್ಷ್‌ಟಿಕ್ ಎಂಐಟಿಯ ಬ್ಲ್ಯಾಕ್‌ಜಾಕ್ ತಂಡದಲ್ಲಿದ್ದವನು. ಇಸ್ಪೀಟಿನಲ್ಲಿ ಗೆದ್ದ ದುಡ್ಡನ್ನು ಬಂಡವಾಳ ಹೂಡಿದ. ನಮ್ಮೂರಲ್ಲಿ ಇಸ್ಪೀಟಿಗೆ ಕೂತವರೆಲ್ಲ ಕಟ್ಟಿದ್ದನ್ನು ಕಳೆದವರೇ. ತೆಂಗಿನ ತೋಟ ಕಳೆದವರಿದ್ದಾರೆ, ಸೈಕಲ್ಲು ಕಳೆದವರಿದ್ದಾರೆ, ಮೈಮೇಲಿನ ಪಂಚೆಯೊಂದನ್ನು ಉಳಿಸಿಕೊಂಡು ಕತ್ತಲಾದ ಮೇಲೆ ಮನೆಗೆ ಬಂದವರೂ ಇದ್ದಾರೆ.

ಈ ತಂತ್ರಾಂಶದ ಮಾಯೆ ಏನೆಂದರೆ, ಅದರೊಳಗೆ ಎಲ್ಲವೂ ಕೂಡಿಬರುತ್ತದೆ. ತೂತು ತೋರಿಸಿ, ಬೋಲ್ಟು ತೋರಿಸಿ, ಒಂದು ಕ್ಲಿಕ್ ಮಾಡಿದರೆ ಬೋಲ್ಟು ಹಾರಿಬಂದು ತೂತಿನಲ್ಲಿ ಕೂರುತ್ತದೆ. ಹಾಗೆ ಒಂದು ಫಿಕ್ಸ್‌ಚರ್ ಮಾಡಿದ್ದೆ, ಡಬ್ಬಿಯಂಥದ್ದು. ಅದರೊಳಗೆ ಎಂಟು ಆಲನ್ ಬೋಲ್ಟುಗಳು. ಪರದೆಯ ಮೇಲೆ ಒಂದಕ್ಕೊಂದು ಎಲ್ಲೂ ತಗುಲುತ್ತಿರಲಿಲ್ಲ. ಬೆನ್ನು ತಟ್ಟಿಕೊಂಡು ಡ್ರಾಯಿಂಗನ್ನು ಶಾಪ್ ಫ್ಲೋರಿಗೆ ಕಳಿಸಿದೆ. ಎರಡು ವಾರದ ಮೇಲೆ ಮೇಸ್ತ್ರಿಯಿಂದ ಕರೆ ಬಂತು. ನನಗಿಂತ ಹದಿನೈದು ವರ್ಷ ದೊಡ್ಡವರು, ಓದಿದ್ದು ನಾಲ್ಕನೇ ಕ್ಲಾಸು. ಎದುರಿಗೆ ನನ್ನ ಡಬ್ಬಿ, ಅಂಗೈಯಲ್ಲಿ 60 ಮಿ.ಮೀ. ಉದ್ದದ ಬೋಲ್ಟು. ತೂತಿಗೂ ಎದುರು ಗೋಡೆಗೂ ನಡುವೆ ಇದ್ದದ್ದು 40 ಮಿ.ಮೀ. ಜಾಗ. ಕೀಲಿ ತಿರುಗಿಸುವ ಮಾತು ಹಾಗಿರಲಿ, ಬೋಲ್ಟೇ ಒಳಗೆ ಹೋಗುವಂತಿರಲಿಲ್ಲ.

ಮೇಸ್ತ್ರಿ ಬಹಳ ವಿನಯದಿಂದ ಕೇಳಿದರು: “ಸಾರ್, ಈ ಬೋಲ್ಟು ಒಳಗೇ ಹುಟ್ಟಿ ಬೆಳೀಬೇಕಾ?”

ಕೂತಮೇಲೆ ಬೋಲ್ಟು ಯಾರಿಗೂ ತಗುಲುತ್ತಿರಲಿಲ್ಲ, ನಿಜ. ಕೂರುವುದಕ್ಕೆ ಯಾವ ದಾರಿಯಲ್ಲಿ ಬರುತ್ತದೆಂದು ನಾನೂ ಕೇಳಿರಲಿಲ್ಲ, ಕಂಪ್ಯೂಟರೂ ಕೇಳಿರಲಿಲ್ಲ. ಪರದೆಯೊಳಗೆ ಅದು ದೆವ್ವದ ಹಾಗೆ ಗೋಡೆ ತೂರಿಕೊಂಡು ಬಂದಿತ್ತು. ನನ್ನ ಮುಖ ನೋಡಿ ಮೇಸ್ತ್ರಿಗೆ ಕನಿಕರವಾಯಿತೇನೋ. “ಎದುರ್ಗಡೆ ಗೋಡೇಲಿ ಎಂಟು ತೂತು ಹೊಡೀತೀನಿ ಬಿಡಿ. ಆಮೇಲೆ ನೀವು ಡ್ರಾಯಿಂಗಲ್ಲಿ ತೋರ್ಸ್ಕೊಳಿ, ಮೊದ್ಲಿಂದ್ಲೂ ಇತ್ತು ಅನ್ನೋ ಹಂಗೆ” ಅಂದರು. ಹಾಗೇ ಮಾಡಿದೆ. ಆ ಎಂಟು ತೂತಿಗೆ ನನಗೆ ಮೆಚ್ಚುಗೆಯೂ ಸಿಕ್ಕಿತು.

ದೊಡ್ಡವರ ಕತೆ ಕೇಳಿದ ಮೇಲೆ ಸಮಾಧಾನವಾಯಿತು. ಬೋಯಿಂಗ್‌ನವರು 777 ವಿಮಾನವನ್ನು ಪೂರ್ತಿ ಕಂಪ್ಯೂಟರಿನಲ್ಲೇ ರೂಪಿಸಿದರು. ಅದು ಮೊದಲು ಹಾರಿದ್ದು 1994ರಲ್ಲಿ. ಮೆಕ್ಯಾನಿಕ್ಕಿನ ಕೈ ಎಲ್ಲೆಲ್ಲಿ ತೂರುತ್ತದೆಂದು ನೋಡಲು ಪರದೆಯೊಳಗೇ ಒಬ್ಬ ಮನುಷ್ಯನನ್ನು ಮಾಡಿ ವಿಮಾನದ ಸಂದುಗೊಂದಿಗಳಲ್ಲಿ ತೆವಳಿಸಿದರಂತೆ. ನಮ್ಮ ಮೇಸ್ತ್ರಿಯ ಕೆಲಸಕ್ಕೆ ಅವರು ಬೊಂಬೆ ಇಟ್ಟುಕೊಂಡಿದ್ದರು ಎನ್ನಿ. ಏರ್‌ಬಸ್‌ನವರ ಎ380 ಪಾಡಂತೂ ಇನ್ನೂ ಚೆಂದ. ಆ ವಿಮಾನದ ಹೊಟ್ಟೆಯಲ್ಲಿ 500 ಕಿ.ಮೀ.ಗೂ ಮಿಕ್ಕಿ ತಂತಿ, ಬೆಂಗಳೂರಿನಲ್ಲಿ ಒಂದು ತುದಿ ಕಟ್ಟಿದರೆ ಬೆಳಗಾವಿ ಮುಟ್ಟುವಷ್ಟು. ಜರ್ಮನಿಯವರು ಕಟಿಯಾ ಎಂಬ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಬರೆದರು, ಫ್ರಾನ್ಸಿನವರು ಹೊಸದರಲ್ಲಿ. ಎರಡೂ ಕಡೆಯ ಪರದೆಯಲ್ಲಿ ಸರಿಯಾಗಿದ್ದ ತಂತಿ ಜೋಡಿಸಲು ಹೋದಾಗ ಗಿಡ್ಡವಾಯಿತು. ವಿಮಾನಗಳು ವರ್ಷಗಟ್ಟಲೆ ತಡವಾದವು. 2006ರಲ್ಲಿ ಈ ಸುದ್ದಿ ಓದಿದ ದಿನ ನಾನು ಪೇಪರು ಹಿಡಿದುಕೊಂಡೇ ಮೇಸ್ತ್ರಿಯ ಹತ್ತಿರ ಹೋದೆ. ಅವರು ಬೀಡಿ ಆರಿಸಿ, “ಅಲ್ಲೂ ತೂತು ಹೊಡ್ಯಕ್ಕೆ ಯಾರಾದ್ರೂ ಇರ್ಬೇಕಿತ್ತು” ಅಂದರು.

ನನ್ನ ವಾಹನದ ಹುಚ್ಚು ಹತ್ತಿದ್ದು ರೇವಾದಿಂದ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ಬಂದ ಆ ಪುಟಾಣಿ ಎಲೆಕ್ಟ್ರಿಕ್ ಕಾರು, ಎರಡೇ ಬಾಗಿಲು, ಸದ್ದಿಲ್ಲ, ಹೊಗೆಯಿಲ್ಲ. ಅದೇ ಲಂಡನ್ನಿಗೆ ಹೋಗಿ ಜಿ-ವಿಜ್ ಎಂದು ಹೆಸರು ಬದಲಾಯಿಸಿಕೊಂಡು ಓಡಾಡಿತು. ನಮ್ಮ ಬೆಂಗಳೂರಿನವರು ಮಾಡಬಹುದಾದರೆ ನಾನೇಕೆ ಮಾಡಬಾರದು? ರಾತ್ರಿ ಊಟವಾದ ಮೇಲೆ ಕೂತೆ. ಕೂತವನು ಇವತ್ತಿಗೂ ಎದ್ದಿಲ್ಲ.

ಮೊದಲನೆಯ ಬಂಡಿ ಮುಗಿಸಿ ತೂಕ ಕೇಳಿದರೆ ಕಂಪ್ಯೂಟರು 412 ಕೆ.ಜಿ. ಅಂತು. ಸೈಕಲ್ಲು ಸ್ವಾಮಿ! ನೋಡಿದರೆ ಚೌಕಟ್ಟಿನ ಪೈಪುಗಳನ್ನು ಟೊಳ್ಳು ಮಾಡುವುದನ್ನೇ ಮರೆತಿದ್ದೆ. ಒಳಗೆಲ್ಲ ಗಟ್ಟಿ ಉಕ್ಕು. ಆಮೇಲೆ ಫೋಟೊದಂಥ ಚಿತ್ರ ತೆಗೆಯುವುದನ್ನು ಕಲಿತೆ. ಹಿನ್ನೆಲೆಗೆ ತಂತ್ರಾಂಶದಲ್ಲೇ ರೆಡಿಯಾಗಿ ಹಿಮದ ಬೆಟ್ಟ, ಗಾಜಿನ ಕಟ್ಟಡ, ಮಳೆ ನಿಂತ ಮೇಲಿನ ಹೊಳೆಯುವ ರಸ್ತೆ ಎಲ್ಲ ಇವೆ. ತಿಪಟೂರಿನ ತೋಟದ ಬದು ಇಲ್ಲ, ಪೀಣ್ಯದ ಗುಂಡಿಯೂ ಇಲ್ಲ. ಹಾಗಾಗಿ ನನ್ನ ತೆಂಗಿನಕಾಯಿ ಬಂಡಿ ಇವತ್ತಿಗೂ ಹಿಮದ ಬೆಟ್ಟದ ಮುಂದೆ, ಕಾಯಿ ಕೀಳುವವರಿಗಾಗಿ ಕಾಯುತ್ತಾ ನಿಂತಿದೆ. 2014ರಲ್ಲಿ ಷಿಕಾಗೋದ ಪ್ರದರ್ಶನವೊಂದರಲ್ಲಿ ಸ್ಟ್ರಾಟಿ ಎಂಬ ಕಾರನ್ನು ಜನರ ಕಣ್ಣೆದುರೇ 44 ಗಂಟೆಗಳಲ್ಲಿ ಮುದ್ರಿಸಿದರು. ಚಕ್ರ, ಮೋಟರು ಬೇರೆ ಕಡೆಯಿಂದ, ಮೈ ಮಾತ್ರ ಶಾವಿಗೆ ಒತ್ತಿದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಪದರ ಪದರವಾಗಿ. ಇನ್ನೇನು ನನ್ನ ಬಂಡಿಗಳ ಕಾಲ ಬಂತು ಅಂದುಕೊಂಡೆ. ಅದನ್ನು ಮಾಡಿದ ಕಂಪನಿ 2022ರಲ್ಲಿ ಬಾಗಿಲು ಹಾಕಿತು.

ಈಗ ಹನ್ನೆರಡನೆಯದಕ್ಕೆ ಕೈ ಹಾಕಿದ್ದೇನೆ. ಇದು ವಾಹನವೂ ಅಲ್ಲ, ಅಪ್ಪನ ಸೈಕಲ್ಲಿನ ಕ್ಯಾರಿಯರ್ರು. ತೆಂಗಿನಕಾಯಿಯ ಎರಡು ಚೀಲ ಈ ಕಡೆ ಆ ಕಡೆ ಇಳಿಬಿಟ್ಟು, ನಡುವೆ ನಾನು ಕೂರುವಂತೆ ಅಪ್ಪ ಊರ ಕಮ್ಮಾರನ ಹತ್ತಿರ ಮಾಡಿಸಿದ್ದು. ಡ್ರಾಯಿಂಗು ಬರೆದದ್ದು ಕುಲುಮೆಯ ಮುಂದಿನ ಮಣ್ಣಿನಲ್ಲಿ, ಕಡ್ಡಿಯಿಂದ. ಚೀಲ ಚಕ್ರಕ್ಕೆ ಸವರಬಾರದೆಂದು ಬದಿಯ ಕಂಬಿಯನ್ನು ಹೊರಕ್ಕೆ ಬಗ್ಗಿಸಬೇಕಿತ್ತು. ಆ ಬಾಗು ತೋರಿಸಲು ಅಪ್ಪ ಒಂದು ಬಿದಿರ ದಬ್ಬೆಯನ್ನು ಬಗ್ಗಿಸಿ, ಎರಡು ತುದಿಗೂ ಕಲ್ಲು ಹೇರಿ, “ಹಿಂಗೆ” ಅಂದಿದ್ದರು. ಎಷ್ಟೋ ವರ್ಷದ ಮೇಲೆ ತಂತ್ರಾಂಶದಲ್ಲಿ ‘ಸ್ಪ್ಲೈನ್’ ಎಂಬ ಗುಂಡಿ ಕಂಡೆ. ಸ್ಪ್ಲೈನ್ ಅಂದರೂ ದಬ್ಬೆಯೇ. ಹಡಗು ಕಟ್ಟುವವರು ತೆಳು ಮರದ ಪಟ್ಟಿ ಬಗ್ಗಿಸಿ, ಅದು ಅಲುಗದಂತೆ ಸೀಸದ ಗುಂಡು ಹೇರಿ, ಹಡಗಿನ ಮೈಯ ಗೆರೆ ಎಳೆಯುತ್ತಿದ್ದರಂತೆ. ಫ್ರಾನ್ಸಿನಲ್ಲಿ ರೆನೋ ಕಾರು ಕಂಪನಿಯ ಪಿಯರ್ ಬೆಜಿಯೆ ಅಂಥ ಬಾಗುಗಳನ್ನೇ 1960ರ ದಶಕದಲ್ಲಿ ಗಣಿತಕ್ಕಿಳಿಸಿ ಹೆಸರು ಮಾಡಿದ. ಅದಕ್ಕೂ ಮುಂಚೆ ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ತೆಲ್ಜೊ ಅದನ್ನು ಕಂಡುಕೊಂಡಿದ್ದನಾದರೂ ಕಂಪನಿ ಗುಟ್ಟು ಬಿಡಲಿಲ್ಲ, ಹೆಸರು ಬೆಜಿಯೆಗೆ ಹೋಯಿತು. ದಬ್ಬೆ ಬಗ್ಗಿಸಿದ ನಮ್ಮಪ್ಪನ ಹೆಸರನ್ನಂತೂ ಯಾರೂ ಕೇಳಿಲ್ಲ.

ಬಾಗು ಸುಲಭವಾಗಿ ಬಂತು. ಸಿಕ್ಕಿಕೊಂಡದ್ದು ಅಗಲದಲ್ಲಿ. ಅಪ್ಪ ಕಮ್ಮಾರನಿಗೆ ಹೇಳಿದ ಅಳತೆ ನನಗೆ ಚೆನ್ನಾಗಿ ನೆನಪಿದೆ: ಎರಡು ಗೇಣು, ಮೇಲೆ ನಾಲ್ಕು ಬೆರಳು. ಕಂಪ್ಯೂಟರು ಮಿಲಿಮೀಟರು ಕೇಳುತ್ತದೆ. ನನ್ನ ಗೇಣನ್ನು ಸ್ಕೇಲಿನ ಮೇಲಿಟ್ಟು ನೋಡಿದೆ, 215. ಅಪ್ಪನ ಕೈ ನನ್ನದಕ್ಕಿಂತ ದೊಡ್ಡದು. ಎಷ್ಟು ದೊಡ್ಡದು? ಪೀಣ್ಯದಲ್ಲಿ ಮೂವತ್ತು ವರ್ಷ ಯಾರ್‍ಯಾರದೋ ಶಾಫ್ಟು ಬುಷ್ಷುಗಳನ್ನು ಮೈಕ್ರೋಮೀಟರಿನಲ್ಲಿ ಹಿಡಿದು ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ತಕರಾರು ತೆಗೆದಿದ್ದೇನೆ. ಆ ಕ್ಯಾರಿಯರ್ರು ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿದ್ದ ಅಷ್ಟೂ ವರ್ಷ ಹಬ್ಬಕ್ಕೆ ಊರಿಗೆ ಹೋದಾಗೆಲ್ಲ ಅದರ ಮೇಲೆ ಟವೆಲ್ಲು ಒಣಹಾಕಿದ್ದೇನೆಯೇ ಹೊರತು ಅಳತೆ ತೆಗೆದುಕೊಳ್ಳಲಿಲ್ಲ. ಆಮೇಲೊಂದು ಸಲ ಗುಜರಿಯವನು ಬಂದಿದ್ದನಂತೆ.

ಸಾಲಿಡ್‌ವರ್ಕ್ಸ್‌ನಲ್ಲಿ ಒಂದು ಪದ್ಧತಿಯಿದೆ. ಅಳತೆ ಪೂರ್ತಿ ಗೊತ್ತಿರುವ ಗೆರೆ ಕಪ್ಪಗಿರುತ್ತದೆ, ಗೊತ್ತಿಲ್ಲದ್ದು ನೀಲಿ. ನೀಲಿ ಗೆರೆಯನ್ನು ಮೌಸಿನಿಂದ ಹಿಡಿದು ಎಳೆದರೆ ಅತ್ತಿತ್ತ ಬರುತ್ತದೆ. ನನ್ನ ಕ್ಯಾರಿಯರ್ರು ಉಳಿದೆಲ್ಲ ಕಡೆ ಕಪ್ಪಾಗಿದೆ, ಅಡ್ಡ ಕಂಬಿಯೊಂದು ಮಾತ್ರ ನೀಲಿ. ಸ್ವಲ್ಪ ಎಳೆಯುತ್ತೇನೆ. ಇಷ್ಟಿರಲಿಲ್ಲ, ನನ್ನ ತೊಡೆಗೆ ಚೀಲದ ಗೋಣಿ ಚುಚ್ಚುತ್ತಿತ್ತು. ಒಳಕ್ಕೆ ತರುತ್ತೇನೆ. ಊಹೂಂ, ಇಷ್ಟು ಕಿರಿದಾಗಿದ್ದರೆ ಕೊಬ್ಬರಿ ಸಂತೆಯವರೆಗೂ ನಿದ್ದೆ ಹೋಗಲು ಆಗುತ್ತಿರಲಿಲ್ಲ.

ನಿನ್ನೆ ರಾತ್ರಿ ಪರದೆಯ ಮೇಲೆ ಕ್ಯಾರಿಯರ್ರನ್ನು ನಿಜ ಗಾತ್ರಕ್ಕೆ ಹಿಗ್ಗಿಸಿ, ಅದರ ಮೇಲೆ ಗೇಣು ಬಿಡಿಸಿ ಇಟ್ಟೆ. ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದವಳು ಬಾಗಿಲಲ್ಲೇ ನಿಂತಳು.

“ರೀ, ಕಂಪ್ಯೂಟರಿಗೆ ಜ್ವರ ಏನಾದ್ರೂ ಬಂದಿದ್ಯಾ?”

“ಸುಮ್ಮನಿರೇ, ಕೈ ಅಲ್ಲಾಡುತ್ತೆ” ಅಂದೆ.