ಗೋಡೆ ತಣ್ಣಗಿದೆಯಲ್ಲ?

ಮಗನ ಜೊತೆ ಮನೆ ನೋಡಲು ಬಂದಿದ್ದ ಟೀಚರಮ್ಮ ಗೋಡೆ ಮುಟ್ಟಿದ್ದು ಅಂಗೈಯಿಂದಲ್ಲ. ಕೈ ತಿರುಗಿಸಿ, ಬೆರಳುಗಳ ಹಿಂಬದಿಯಿಂದ, ಮಗುವಿಗೆ ಜ್ವರ ಇದೆಯೋ ಇಲ್ಲವೋ ಅಂತ ನೋಡುವ ಹಾಗೆ. ಒಂದೆರಡು ಗಳಿಗೆ ಅಲ್ಲೇ ಇಟ್ಟುಕೊಂಡು, “ಈ ಗೋಡೆ ತಣ್ಣಗಿದೆಯಲ್ಲ?” ಅಂದರು.

“ಅಲ್ಲಿ ಬಿಸಿಲು ಬೀಳಲ್ಲ ಮೇಡಂ, ಅದಕ್ಕೆ” ಅಂದೆ.

ನಿಜ, ಅಲ್ಲಿ ಬಿಸಿಲು ಬೀಳುವುದಿಲ್ಲ. ಅದು ಅಮ್ಮನ ರೂಮಿಗೂ ಬಚ್ಚಲಮನೆಗೂ ನಡುವಿನ ಗೋಡೆ. ಮನೆಯೊಳಗಿನ ಗೋಡೆಗೆ ಯಾವ ಕಾಲದಲ್ಲಿ ಬಿಸಿಲು ಬಿದ್ದೀತು? ಅವರು ಮಗನ ಕಡೆ ನೋಡಿದರು. ಮಗ ತಲೆ ಎತ್ತಿಕೊಂಡು ಫ್ಯಾನು ನೋಡುತ್ತಿದ್ದ. ಮಾತು ಅಲ್ಲಿಗೆ ನಿಂತಿತು. ಆಮೇಲೆ ಅಡುಗೆಮನೆಗೆ ಹೋದೆವು.

ಮೈಸೂರಿನ ಕುವೆಂಪುನಗರದ ಮನೆ ಅದು. 1988ರಲ್ಲಿ ಮುಡಾ ಬರುವುದಕ್ಕೂ ಮೊದಲು, ಎಲ್ಲರೂ ‘ಟ್ರಸ್ಟ್ ಬೋರ್ಡು’ ಅನ್ನುತ್ತಿದ್ದ ಕಾಲದಲ್ಲಿ ಅಪ್ಪನಿಗೆ ಮಂಜೂರಾದ ಮೂವತ್ತು-ನಲವತ್ತರ ಸೈಟು. ಕೆಂಪು ಗಾರೆಯ ನೆಲ, ಕಡಪ ಕಲ್ಲಿನ ಅಡುಗೆ ಕಟ್ಟೆ, ಹಿತ್ತಲಲ್ಲಿ ಒಗೆಯುವ ಕಲ್ಲು, ಒಂದು ಪಾರಿಜಾತ. ಅಪ್ಪ ಹೋಗಿ ಹನ್ನೆರಡು ವರ್ಷ ಅಮ್ಮ ಅಲ್ಲಿ ಒಬ್ಬಳೇ ಇದ್ದಳು. ಅವಳೂ ಹೋದಮೇಲೆ, ವರ್ಷಾಬ್ದಿಕ ಮುಗಿಸಿ, ಅಕ್ಕನೂ ನಾನೂ ಮಾರುವುದೆಂದು ತೀರ್ಮಾನಿಸಿದೆವು. ಅಕ್ಕ ಇರುವುದು ಹುಬ್ಬಳ್ಳಿಯಲ್ಲಿ, ನಾನು ಬೆಂಗಳೂರಿನಲ್ಲಿ. ಹಾಗಾಗಿ ಮನೆ ‘ತೋರಿಸುವ’ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಬಂದ ಮೂರು ಪಾರ್ಟಿ ಹತ್ತು ನಿಮಿಷವೂ ನಿಲ್ಲಲಿಲ್ಲ. ಬ್ರೋಕರು ನನ್ನನ್ನು ಗೇಟಿನ ಹತ್ತಿರ ಕರೆದು, “ಸಾರ್, ಮನೆ ಚೆನ್ನಾಗಿದೆ. ಆದ್ರೆ ಅತ್ತಂಗಿದೆ” ಅಂದ. ಎಂಥ ಮಾತು! ಅವನು ಪಿಯುಸಿ ಮುಗಿಸಿದವನಂತೆ. ಮನೆ ಬಗ್ಗೆ ಅವನಷ್ಟು ಚೆನ್ನಾಗಿ ಮಾತಾಡಿದವರನ್ನು ನಾನು ಕಂಡಿಲ್ಲ. ಅವನು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೆ. ಹಗಲಲ್ಲೂ ಎಲ್ಲ ಲೈಟು ಹಾಕಿಡಬೇಕು. ಅಟ್ಟದ ಮೇಲಿನ ಸಾಮಾನು ಕಾಣಬಾರದು. ಕೆಂಪು ನೆಲಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಹಳೇ ಪಂಚೆಯಲ್ಲಿ ಉಜ್ಜಿಸಬೇಕು. ಬರುವವರು ಗೇಟಿಗೆ ಬರುವ ಹೊತ್ತಿಗೆ ಒಳಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿರಬೇಕು. ಕಾಫಿ ಕೊಡದಿದ್ದರೂ ಪರವಾಗಿಲ್ಲ, ವಾಸನೆ ಇರಬೇಕು. ಊದಿನಕಡ್ಡಿ ಮಾತ್ರ ಬೇಡ, “ಏನನ್ನೋ ಮುಚ್ಚಿಡ್ತಿದ್ದಾರೆ ಅನ್ಸುತ್ತೆ ಸಾರ್.”

“ಇನ್ನೊಂದು, ತಪ್ಪು ತಿಳ್ಕೋಬೇಡಿ. ಹಾರ ಹಾಕಿರೋ ಫೋಟೋ ತೆಗೆದಿಡಿ. ಬಂದವರು ಅದನ್ನೇ ನೋಡ್ತಾರೆ. ಇಲ್ಲೇ ಹೋದ್ರಾ, ಯಾವ ರೂಮಲ್ಲಿ ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತಾರೆ.”

ಅಪ್ಪ ಅಮ್ಮ ಇಬ್ಬರನ್ನೂ ಗಂಧದ ಹಾರದ ಸಮೇತ ಟವೆಲಿನಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟೆ. ಸ್ಟೆಪ್ನಿಯ ಪಕ್ಕದಲ್ಲಿ. ಆ ಕೆಲಸ ಮಾಡುವಾಗ ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲ ಅನ್ನುವುದನ್ನೇ ಇಲ್ಲಿ ಬರೆದಿಡಬೇಕು.

ನೀರಿನ ಆಟವನ್ನೂ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು. ನಾನು ಜನರನ್ನು ಕರೆಯುತ್ತಿದ್ದುದು ನೀರು ಬಿಡುವ ದಿನ ಮಾತ್ರ, ಅದೂ ಮೇಲಿನ ಟ್ಯಾಂಕು ತುಂಬಿದ ಮೇಲೆ. ಯಾರಾದರೂ ನಲ್ಲಿ ತಿರುಗಿಸಿದರೆ ರಭಸವಾಗಿ ಬರಬೇಕು. ಒಬ್ಬರು ಸಂತೋಷದಿಂದ ಮುಖವನ್ನೇ ತೊಳೆದುಕೊಂಡರು.

ಗೋಡೆಯದೇ ದೊಡ್ಡ ಸಮಸ್ಯೆ. ಅಮ್ಮನ ರೂಮಿನ ಆ ಗೋಡೆ ನೆಲದಿಂದ ಸೊಂಟದೆತ್ತರದವರೆಗೆ ಹೆಕ್ಕಳಿಕೆ ಎದ್ದಿತ್ತು. ಬಣ್ಣ ಉಬ್ಬಿ, ಒಡೆದು, ಒಳಗಿನ ಗಿಲಾವು ಬೆರಳು ತಾಗಿದರೆ ಉದುರುತ್ತಿತ್ತು. ಮೇಲೆ ಬಿಳಿ ಪುಡಿ, ನಾಲಿಗೆಗೆ ಇಟ್ಟರೆ ಉಪ್ಪು. (ಚಿಕ್ಕವನಿದ್ದಾಗ ಇಟ್ಟು ನೋಡಿದ್ದೇನೆ.) ಮೇಸ್ತ್ರಿ ಬಂದು ಸುತ್ತಿಗೆಯಲ್ಲಿ ಅಲ್ಲಲ್ಲಿ ಕುಟ್ಟಿ, ಟೊಳ್ಳು ಸದ್ದು ಎಲ್ಲಿಯವರೆಗಿದೆ ಅಂತ ಪೆನ್ಸಿಲಿನಲ್ಲಿ ಗೆರೆ ಎಳೆದರು. ನಲವತ್ತು ವರ್ಷದ ಹಿಂದೆ ಗೋಡೆಯೊಳಗೆ ಹೂತಿಟ್ಟ ಜಿಐ ಪೈಪು ತುಕ್ಕು ಹಿಡಿದು ಎಲ್ಲೋ ಒಂದು ಸೂಜಿತೂತು ಬಿದ್ದಿದೆ. ಅಲ್ಲಿಂದ ಜಿನುಗುವ ನೀರನ್ನು ಇಟ್ಟಿಗೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ, ಮೇಲಕ್ಕೆಳೆಯುತ್ತದೆ. ನೀರು ಗಾಳಿಗೆ ಆರಿಹೋಗುತ್ತದೆ, ಅದು ಹೊತ್ತು ತಂದ ಉಪ್ಪು ಉಳಿಯುತ್ತದೆ. ಆ ಉಪ್ಪು ಹರಳುಗಟ್ಟಿ ಗಿಲಾವನ್ನು ಒಳಗಿನಿಂದ ತಳ್ಳುತ್ತದೆ.

“ಬಚ್ಚಲ ಕಡೆ ಟೈಲ್ಸ್ ಒಡೆದು ಪೈಪ್ ಬದಲಾಯಿಸಬೇಕು. ಈ ಕಡೆ ಗಿಲಾವು ಕೆತ್ತಿ, ಗೋಡೆ ಬರಿಮೈಲಿ ಒಂದು ತಿಂಗಳು ಒಣಗ್ಬೇಕು. ಆಮೇಲೆ ಹೊಸ ಗಿಲಾವು. ಅರವತ್ತು ಸಾವಿರ ಹಿಡೀರಿ” ಅಂದರು ಮೇಸ್ತ್ರಿ. ನಾನು ಸುಮ್ಮನಿದ್ದುದನ್ನು ನೋಡಿ ಅವರೇ ಇನ್ನೊಂದು ದಾರಿ ತೆರೆದರು. “ಮಾರೋಕಾದ್ರೆ, ಸಡಿಲ ಇರೋದನ್ನ ಕೆತ್ತಿ, ಪುಟ್ಟಿ ಎಳೆದು, ಎರಡು ಕೋಟು ಪೇಂಟ್ ಹೊಡೀಬೋದು. ಎಂಟು ಸಾವಿರ. ಒಂದು ಮಳೆಗಾಲ ತಡೆಯುತ್ತೆ.”

ನನಗೆ ಬೇಕಾಗಿದ್ದುದು ಒಂದು ಮಳೆಗಾಲವೂ ಅಲ್ಲ, ಎರಡು ತಿಂಗಳು.

ಪೇಂಟಿನವನು ಎರಡನೇ ಕೋಟು ಮುಗಿಸಿದ ಸಂಜೆ ರೂಮಿನ ಬಾಗಿಲಲ್ಲಿ ನಿಂತು ನೋಡಿದೆ. ತಿಳಿ ಕೆನೆ ಬಣ್ಣ, ಕನ್ನಡಿಯಂಥ ಗೋಡೆ. ನನಗೆ ಹೆಮ್ಮೆಯಾಯಿತು ಅಂದರೆ ನಂಬುತ್ತೀರಾ? ಮೊಬೈಲಿನಲ್ಲಿ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಅಕ್ಕ ಬರೆದದ್ದು ಒಂದೇ ಸಾಲು: “ಕ್ಯಾಲೆಂಡರ್ ಎಲ್ಲೋ?”

ಆ ಕ್ಯಾಲೆಂಡರಿನ ಕಥೆ ಗೊತ್ತಿದ್ದುದು ನಮ್ಮಿಬ್ಬರಿಗೇ. ನಮ್ಮ ಮನೆಯಲ್ಲಿ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ಎಲ್ಲರ ಮನೆಯಂತೆ ಕಣ್ಣೆತ್ತರದಲ್ಲಿ ಇರುತ್ತಿರಲಿಲ್ಲ. ಆ ಗೋಡೆಯ ಮೇಲೆ ಸೊಂಟದೆತ್ತರದಲ್ಲಿ ಮೊಳೆ. ಹಾಲಿನ ಲೆಕ್ಕ ಬರೆಯಲು ಅಮ್ಮ ಬಗ್ಗಬೇಕಾಗಿತ್ತು. ಅದು ನನಗಾಗಿಯೇ ಅಷ್ಟು ಕೆಳಗಿದೆ, ದೊಡ್ಡ ಅಂಕಿಗಳನ್ನು ಓದಲು ಕಲಿಯಲಿ ಅಂತ ಹಾಗೆ ಹಾಕಿದ್ದಾಳೆ ಅಂತ ನಾನು ಬಹಳ ವರ್ಷ ನಂಬಿದ್ದೆ. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಗುಟ್ಟು ತಿಳಿಯಿತು. ಪಕ್ಕದ ಮನೆಯಿಂದ ನಾಲ್ಕು ಕುರ್ಚಿ ಬಂದಿದ್ದವು, ಎದುರು ಮನೆಯಿಂದ ಸ್ಟೀಲಿನ ಟ್ರೇ. ಉಪ್ಪಿಟ್ಟು, ಕೇಸರಿಬಾತು. ಬೆಳಿಗ್ಗೆ ನಾನು ಓಡಾಡುವಾಗ ಕ್ಯಾಲೆಂಡರು ಕಿತ್ತು ಬಿತ್ತು. ಹಿಂದೆ ತಟ್ಟೆಯಗಲ ಕಪ್ಪು ಕಲೆ, ಬೂಷ್ಟು. ಅಮ್ಮ ಓಡಿ ಬಂದು ಅದನ್ನು ಮೊದಲಿದ್ದ ಜಾಗಕ್ಕೇ ಸಿಕ್ಕಿಸಿ, ನನ್ನ ಕಡೆ ಒಂದು ನೋಟ ನೋಡಿದಳು. ಬಾಯಿ ಬಿಟ್ಟರೆ ಜೋಕೆ ಎಂಬ ನೋಟ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಊರು ನಮ್ಮದು. ಹೆಣ್ಣು ತೋರಿಸುವ ದಿನ ಇಡೀ ಮನೆಯೇ ಸೀರೆ ಉಟ್ಟು ಕೂರುತ್ತದೆ. ಹಾಗಾಗಿ ‘ಅಮ್ಮ ಮಾಡಿದ್ದನ್ನೇ ನಾನೂ ಮಾಡಿದೆ’ ಅಂತ ಸಮಾಧಾನ ಹೇಳಿಕೊಳ್ಳಲು ಬಹಳ ದಿನ ಪ್ರಯತ್ನಿಸಿದೆ. ಆಗಲಿಲ್ಲ. ಅವಳು ಮುಚ್ಚಿಟ್ಟಿದ್ದು ಮಾನಕ್ಕೆ. ಬಂದವರು ಆ ಗೋಡೆಯನ್ನು ಮನೆಗೆ ಕೊಂಡೊಯ್ಯುತ್ತಿರಲಿಲ್ಲ. ನಾನು ಮುಚ್ಚಿಟ್ಟಿದ್ದು ರೇಟಿಗೆ.

ವಕೀಲರ ಹತ್ತಿರ ಕ್ರಯಪತ್ರದ ಕರಡು ನೋಡಲು ಹೋದಾಗ ಸುಮ್ಮನೆ, ಬೇರೆ ಯಾರದೋ ವಿಷಯವೆಂಬಂತೆ ಕೇಳಿದೆ: ಮನೆಯಲ್ಲಿ ದೋಷ ಇದ್ದರೆ ಮಾರುವವನು ಹೇಳಲೇಬೇಕಾ? ಅವರು ಕನ್ನಡಕ ಏರಿಸಿ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಅಂತ ಶುರು ಮಾಡಿದರು. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವಿದ್ದರೆ ಹೇಳಲೇಬೇಕು. ಹೇಳದಿದ್ದರೆ ಅದನ್ನು ವಂಚನೆ ಅನ್ನುತ್ತದೆ ಅದೇ ಕಲಂ. “ಕಣ್ಣಿಗೆ ಕಾಣೋದನ್ನ ಕೊಳ್ಳೋನು ನೋಡ್ಕೋಬೇಕು, ಕಾಣದ್ದನ್ನ ಮಾರೋನು ಹೇಳ್ಬೇಕು. ಅಷ್ಟೇ” ಅಂದು ಕಾಫಿ ಕುಡಿದರು.

ಅವರಿಗೆ ಅದು ದಿನದ ಮಾತು. ನಾನು ಸ್ಕೂಟರ್ ಸ್ಟ್ಯಾಂಡಿನಲ್ಲಿ ಬೀಗದ ಕೈ ಹಿಡಿದು ನಿಂತುಬಿಟ್ಟೆ. ಎರಡು ತಿಂಗಳ ಹಿಂದೆ ಆ ಗೋಡೆಯ ದೋಷ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆಗ ನಾನು ಬಾಯಿ ಬಿಡದಿದ್ದರೂ ಕಾಯ್ದೆ ನನ್ನನ್ನು ಕೇಳುತ್ತಿರಲಿಲ್ಲ. ನೋಡಿ ಕೊಂಡರು, ಮುಗಿಯಿತು. ಎಂಟು ಸಾವಿರ ಕೊಟ್ಟು ಕಾಣುವುದನ್ನು ಕಾಣದಂತೆ ಮಾಡಿದವನು ನಾನೇ. ಪುಟ್ಟಿಯ ಜೊತೆಗೇ ಹೇಳಬೇಕಾದ ಹೊಣೆಯನ್ನೂ ಗೋಡೆಗೆ ಬಳಿಸಿದ್ದೆ.

ಆದರೂ ಹೇಳಲಿಲ್ಲ. ಇಷ್ಟು ಗೊತ್ತಾದ ಮೇಲೂ. ನನ್ನ ಹತ್ತಿರ ಒಂದು ಸಬೂಬು ತಯಾರಿತ್ತು: ಕುವೆಂಪುನಗರದಲ್ಲಿ ಈಗ ಹಳೇ ಮನೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಸೈಟಿಗೆ ದುಡ್ಡು ಕೊಡುತ್ತಾರೆ, ಕೆಡವಿ ಮೂರಂತಸ್ತು ಎಬ್ಬಿಸುತ್ತಾರೆ. ಜೆಸಿಬಿ ಬರುವ ಗೋಡೆಗೆ ತೇವವಿದ್ದರೇನು? ಆದರೆ ಟೀಚರಮ್ಮ ಅಡ್ವಾನ್ಸ್ ಕೊಡುವ ದಿನ ಕೆಂಪು ನೆಲದ ಮೇಲೆ ಚಪ್ಪಲಿ ಬಿಟ್ಟು ನಡೆಯುತ್ತ, “ನಾವು ಏನೂ ಒಡೆಯೋದಿಲ್ಲಪ್ಪ. ನಮ್ಮ ತವರುಮನೆ ನೆಲ ಹೀಗೇ ಇತ್ತು. ನನ್ನ ಮಂಚ ಆ ರೂಮಲ್ಲೇ ಹಾಕಿಸ್ಕೋತೀನಿ, ಬಚ್ಚಲು ಹತ್ರ ಆಗುತ್ತೆ” ಅಂದರು. ಸಬೂಬು ಅಲ್ಲೇ ಬಿದ್ದುಹೋಯಿತು. ನಾನು “ಒಳ್ಳೇದು ಮೇಡಂ” ಅಂದೆ.

ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡು ಬಂದೆವು. ಕ್ರಯಪತ್ರದಲ್ಲಿ ಋಣಭಾರವಿಲ್ಲ, ತಂಟೆ ತಕರಾರಿಲ್ಲ ಅಂತ ಬರೆದಿತ್ತು, ಪೂರ್ವ ಪಶ್ಚಿಮ ಉತ್ತರ ದಕ್ಷಿಣ ಚೆಕ್ಕುಬಂದಿ ಬರೆದಿತ್ತು. ಚೆಕ್ಕುಬಂದಿಯೊಳಗಿನ ಗೋಡೆಯ ಮಾತು ಯಾವ ಪುಟದಲ್ಲೂ ಇರಲಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದರೆ, ಕೊಳ್ಳುವವರಿಗೆ ಮೋಸ ಮಾಡಿದವನ ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಅದು ಸುಲಭದ ಅರ್ಧ. ಇನ್ನರ್ಧ ಇಲ್ಲಿದೆ.

ಅಮ್ಮ ನನಗೆ ಆ ಗೋಡೆಯ ವಿಷಯ ಏಳೆಂಟು ವರ್ಷ ಹೇಳಿದಳು. ಜಗಳ ಮಾಡಲಿಲ್ಲ, ಹಟ ಹಿಡಿಯಲಿಲ್ಲ. ದೀಪಾವಳಿಗೆ ಹೋದಾಗ, ಎಣ್ಣೆ ಒತ್ತುತ್ತ, “ಆ ಬಚ್ಚಲ ಗೋಡೆ ಒಂದು ನೋಡೋ” ಅನ್ನುತ್ತಿದ್ದಳು. ನಾನು “ಯುಗಾದಿಗೆ ಮಾಡಿಸೋಣಮ್ಮ” ಅನ್ನುತ್ತಿದ್ದೆ. ಯುಗಾದಿಗೆ “ಮಳೆಗಾಲ ಮುಗೀಲಿ” ಅನ್ನುತ್ತಿದ್ದೆ. ಕಲೆ ಕ್ಯಾಲೆಂಡರಿನ ಆಚೆ ಹಬ್ಬಿತು. ಅವಳು ಮಂಚವನ್ನು ಗೋಡೆಯಿಂದ ಒಂದು ಮೊಳ ಈಚೆ ಎಳೆದುಕೊಂಡಳು. ಮುಂದಿನ ವರ್ಷ ಎರಡು ಮೊಳ. ಕೊನೆಗೆ ಮಂಚ ರೂಮಿನ ನಡುವೆ, ಆಸ್ಪತ್ರೆಯ ಮಂಚದಂತೆ, ಯಾವ ಗೋಡೆಗೂ ತಾಗದೆ ನಿಂತಿತ್ತು. ನಾನು ಅದನ್ನು ನೋಡಿ, “ಇದೇನಮ್ಮ, ಹೀಗೆ ಹಾಕ್ಕೊಂಡಿದೀಯ, ಫ್ಯಾನ್ ಕೆಳಗೆ ಅಂತಾನಾ?” ಅಂತ ನಕ್ಕಿದ್ದೆ. ಅವಳೂ ನಕ್ಕಳು.

ದುಡ್ಡಿಲ್ಲದೆ ಬಿಟ್ಟದ್ದಲ್ಲ. ಆ ಏಳೆಂಟು ವರ್ಷದಲ್ಲಿ ಬೆಂಗಳೂರಿನ ಫ್ಲಾಟಿಗೆ ಎರಡು ಸಲ ಪೇಂಟ್ ಮಾಡಿಸಿದೆ, ಮಾಡ್ಯುಲರ್ ಅಡುಗೆಮನೆ ಹಾಕಿಸಿದೆ. ಪುರುಸೊತ್ತಿಲ್ಲದೆಯೂ ಅಲ್ಲ. ಹೇಗೂ ಮಾರುವ ಮನೆ ಅಂತ ನಾನು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ಮಾರುವ ಮನೆಗೆ ಯಾಕೆ ಅರವತ್ತು ಸಾವಿರ ಸುರಿಯಬೇಕು? ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಅಂದರೆ ಬ್ರೋಕರಿಗೆ ಫೋನ್ ಮಾಡುವುದಕ್ಕೆ ಎಷ್ಟೋ ವರ್ಷ ಮೊದಲೇ, ಅಮ್ಮ ಒಳಗೆ ಮಲಗಿರುವಾಗಲೇ, ನನ್ನ ಮನಸ್ಸಿನ ಗೇಟಿಗೆ ‘ಮನೆ ಮಾರಾಟಕ್ಕಿದೆ’ ಬೋರ್ಡು ನೇತಾಡುತ್ತಿತ್ತು. ಅವಳಿಗೆ ಅದು ಗೊತ್ತಿತ್ತೇ? ಕೊನೆಯ ಎರಡು ದೀಪಾವಳಿ ಅವಳು ಗೋಡೆಯ ಮಾತೆತ್ತಲಿಲ್ಲ. ಮರೆತಳು ಅಂದುಕೊಂಡಿದ್ದೆ.

ನೆಲಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಸಿದ್ದು ಅವಳು ಹೋದಮೇಲೆ. ಕರೆಗಂಟೆ ಸರಿ ಮಾಡಿಸಿದ್ದು ಅವಳು ಹೋದಮೇಲೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಸುಟ್ಟುಹೋಗಿದ್ದ ಬಲ್ಬು ಬದಲಾಯಿಸಿದ್ದೂ. ಆ ಬಲ್ಬಿಗೆ ಎಪ್ಪತ್ತು ರೂಪಾಯಿ.

ಈ ಆಷಾಢದಲ್ಲಿ ಟೀಚರಮ್ಮನ ಫೋನು ಬಂತು. ಪರದೆಯ ಮೇಲೆ ಹೆಸರು ನೋಡಿದೆ, ಎತ್ತಲಿಲ್ಲ. ಮೀಟಿಂಗಿನಲ್ಲಿರಲಿಲ್ಲ, ಮನೆಯಲ್ಲಿ ಹುರಿಗಡಲೆ ತಿನ್ನುತ್ತಿದ್ದೆ. ಸಂಜೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಅಟ್ಟ ಶುಚಿ ಮಾಡಿಸುವಾಗ ಹಳೇ ಹಿತ್ತಾಳೆ ಸೇವಿಗೆ ಒರಳು ಸಿಕ್ಕಿತಂತೆ, ನಿಮ್ಮ ತಾಯಿಯವರದ್ದಿರಬೇಕು, ಹುಣಿಸೆಹಣ್ಣು ಹಾಕಿ ತಿಕ್ಕಿಸಿಟ್ಟಿದ್ದೇನೆ, ಮೈಸೂರಿಗೆ ಬಂದಾಗ ತಗೊಂಡು ಹೋಗಿ ಅಂತ ಬರೆದಿದ್ದರು. ಒರಳನ್ನು ಸ್ಟೂಲಿನ ಮೇಲಿಟ್ಟು, ಅಮ್ಮನ ರೂಮಿನಲ್ಲೇ ಫೋಟೋ ತೆಗೆದಿದ್ದರು.

ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಒರಳಿನ ಹಿಂದೆ, ಬಲತುದಿಯಲ್ಲಿ, ಕೆನೆ ಬಣ್ಣದ ಗೋಡೆ. ಅದರ ಮೇಲೆ ದೊಡ್ಡ ಅಂಕಿಯ ಕ್ಯಾಲೆಂಡರು, ಸ್ಟೂಲಿಗಿಂತ ಒಂದು ಗೇಣು ಮೇಲೆ.

ಒರಳು ಇನ್ನೂ ಅಲ್ಲೇ ಇದೆ.