ಸುಲಿಯುವ ಅಂಗಳದ ಕವಳ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕೊನೆಕೊಯ್ಲು ಶುರುವಾಯಿತೆಂದರೆ ಊರಿಗೇ ನಿದ್ದೆ ಕಡಿಮೆ. ಹಗಲಿಡೀ ಕೊನೆಗೌಡ ಮರದಿಂದ ಮರಕ್ಕೆ ದಾಟುತ್ತ ಕೊನೆ ಇಳಿಸುತ್ತಾನೆ. ಸಂಜೆಯಾದರೆ ಅಂಗಳದಲ್ಲಿ ಮೆಟ್ಟುಗತ್ತಿಗಳ ಸಾಲು. ಹಂಡೆಯಲ್ಲಿ ಸುಲಿದ ಅಡಿಕೆ ಚೊಗರಿನಲ್ಲಿ ಬೇಯುತ್ತಿರುತ್ತದೆ. ಮಾತು ಯಾರದೋ ಮದುವೆಯಿಂದ ಕೊಳೆರೋಗಕ್ಕೆ, ಅಲ್ಲಿಂದ ರಾಶಿ ಇಡಿಯ ಧಾರಣೆಗೆ ಹರಿಯುತ್ತದೆ. ನಡುವೆ ಕವಳದ ಬಟ್ಟಲು ತಿರುಗುತ್ತಲೇ ಇರುತ್ತದೆ: ಎಲೆ, ಅಡಿಕೆ, ಸುಣ್ಣ, ಒಂದು ಚೂರು ಹೊಗೆಸೊಪ್ಪು.

ಹೊಸಬರು ಹಸಿ ಅಡಿಕೆ ಅಗಿದರೆ ಏನಾಗುತ್ತದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕಿವಿ ಬಿಸಿಯಾಗಿ, ಹಣೆ ಬೆವರಿ, ತಲೆ ಗಿರ್ರೆಂದು ಗೋಡೆ ಹಿಡಿದು ಕೂರಬೇಕು. ‘ಅಡಿಕೆ ಸೊಕ್ಕಿತು, ನೀರು ತನ್ನಿ’ ಎಂದು ಯಾರೋ ಕೂಗುತ್ತಾರೆ. ಅಡಿಕೆಯ ಅರೆಕೊಲಿನ್ ಮೈಯೊಳಗಿನ ಮಸ್ಕರಿನಿಕ್ ಗ್ರಾಹಕಗಳನ್ನು ಕೆರಳಿಸಿ ಬೆವರು, ಜೊಲ್ಲು ಸುರಿಸುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ನಿಕೋಟಿನ್ ಚಟ ಹತ್ತಿಸುವ ಗ್ರಾಹಕಗಳನ್ನೂ ಅದು ಅಷ್ಟಿಷ್ಟು ಮುಟ್ಟುತ್ತದೆಂದು 2015ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ರೋಜರ್ ಪ್ಯಾಪ್ಕೆ ಮತ್ತು ಸಂಗಡಿಗರು ತೋರಿಸಿದರು. ಕವಳದೊಳಗೆ ಅಡಿಕೆ, ಹೊಗೆಸೊಪ್ಪು ಎರಡೂ ಒಂದೇ ಬಾಗಿಲು ಬಡಿಯುತ್ತಿವೆ.

ವರ್ಷಗಟ್ಟಲೆ ಹಾಕಿದವರಿಗೆ ಸೊಕ್ಕುವುದಿಲ್ಲ. ಮೈಗೆ ಒಗ್ಗಿತು, ಇನ್ನು ಭಯವಿಲ್ಲ ಎಂದುಕೊಳ್ಳುತ್ತೇವೆ. ಅದೇ ಹೊತ್ತಿಗೆ ಮಿದುಳಿನಲ್ಲಿ ಇನ್ನೊಂದು ಕೆಲಸ ನಡೆದಿರುತ್ತದೆ. ನಿಕೋಟಿನ್, ಆಂಫೆಟಮಿನ್‌ನಂಥ ಉತ್ತೇಜಕವನ್ನು ಇಲಿಗೆ ದಿನವೂ ಅಷ್ಟಷ್ಟೇ ಕೊಡುತ್ತ ಹೋದರೆ ಅದರ ಓಡಾಟ ದಿನದಿಂದ ದಿನಕ್ಕೆ ಏರುತ್ತದೆ. ವಾರಗಟ್ಟಲೆ ನಿಲ್ಲಿಸಿ ಮತ್ತೆ ಕೊಟ್ಟರೂ ಏರಿದ್ದು ಇಳಿದಿರುವುದಿಲ್ಲ. ನಡುಮಿದುಳಿನ ಡಿ1 ಎಂಬ ಡೋಪಮೈನ್ ಗ್ರಾಹಕಗಳಿಗೆ ಮೊದಲೇ ತಡೆಮದ್ದು ಹಾಕಿದರೆ ಆಂಫೆಟಮಿನ್‌ಗೆ ಈ ಏರಿಕೆ ಬೆಳೆಯುವುದೇ ಇಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಜಾಗದ ವಿಚಾರ. ಒಂದು ಪಂಜರದಲ್ಲಿ ಹೀಗೆ ಚುರುಕಾದ ಇಲಿ, ಬೇರೆ ಪಂಜರದಲ್ಲಿ ಅದೇ ಮದ್ದಿಗೆ ಅಷ್ಟು ಕೆರಳದೆ ಇರಬಹುದು.

ಹೀಗೆ ಮಿದುಳು ಚುರುಕಾಗಿ ಚಟ ಬಲಿತಂತೆ ಬೆಳೆಯುವುದು ಬಯಕೆ, ಸುಖ ಅದರ ಜೊತೆ ಬೆಳೆಯಬೇಕೆಂದಿಲ್ಲ ಎಂದು ಮಿಷಿಗನ್ ವಿಶ್ವವಿದ್ಯಾಲಯದ ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಜ್ 1993ರಲ್ಲಿ ಬರೆದರು. ಇದು ನಮ್ಮ ಅಂಗಳದಲ್ಲೇ ಕಾಣುವ ಸಂಗತಿ. ಕವಳ ಬಿಟ್ಟು, ಬೆಂಗಳೂರಿನ ಮಗನ ಮನೆಯಲ್ಲಿ ತಿಂಗಳುಗಟ್ಟಲೆ ಆರಾಮಾಗಿದ್ದು ಬಂದವರು, ಮೆಟ್ಟುಗತ್ತಿಯ ಮುಂದೆ ಕೂತ ರಾತ್ರಿಯೇ ಬಟ್ಟಲಿಗೆ ಕೈಹಾಕುತ್ತಾರೆ. ‘ಮನಸ್ಸು ಗಟ್ಟಿಯಿಲ್ಲ ಬಿಡಿ’ ಎಂದು ಉಳಿದವರು ಆಡಿಕೊಳ್ಳುತ್ತಾರೆ. ಆ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಚೊಗರಿನ ವಾಸನೆ, ಆ ಸಾಲು, ಆ ಬಟ್ಟಲು ಎಲ್ಲ ಸೇರಿ ಅವರ ಮಿದುಳನ್ನು ವರ್ಷಗಳಿಂದ ಪಳಗಿಸಿವೆ. ಅಲ್ಲಿ ಬಟ್ಟಲು ಮುಂದೆ ದೂಡಿದವರು ನಾವೇ ಅಲ್ಲವೇ?

ಅಡಿಕೆಯನ್ನು ದೂರಿದರೆ ಇಲ್ಲಿ ಯಾರಿಗೂ ಸೇರದು. ಮಕ್ಕಳ ಓದು, ಸೊಸೈಟಿ ಸಾಲದ ಕಂತು ಎಲ್ಲವೂ ತೋಟದಿಂದಲೇ. ನನ್ನ ಮನೆಯ ಅನ್ನವೂ ಅದೇ. ಆದರೂ ಹೊಗೆಸೊಪ್ಪು ಸೇರದ ಬರಿ ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ್ದನ್ನು ಮುಚ್ಚಿಟ್ಟು ಮಾತಾಡಲಾರೆ. ರಾಜ್ಯದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾಯಿತು, ಮನೆಯ ಬಟ್ಟಲಿಗೆ ಕಾನೂನಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು. ಸುಲಿಯುವವರ ನಡುವೆ ಮಜ್ಜಿಗೆ ತಂಬಿಗೆ, ಬೆಲ್ಲ ಇಡೋಣ. ಬಿಟ್ಟವರನ್ನು ಬಟ್ಟಲಿನಿಂದ ದೂರದ ಮೂಲೆಯಲ್ಲಿ ಕೂರಿಸೋಣ. ತೀರಾ ಕಷ್ಟವಾದವರಿಗೆ ತಂಬಾಕು ಬಿಡಿಸಲು ನೆರವಾಗುವ ಉಚಿತ ದೂರವಾಣಿ 1800-11-2356 ಇದೆ. ಕೊಯ್ಲಿನ ಲೆಕ್ಕ ಬರೆಯುವ ಪುಸ್ತಕದ ಮೊದಲ ಹಾಳೆಯಲ್ಲೇ ಅದನ್ನು ಗುರುತು ಹಾಕಿಡಿ.