ಯಾರ ಮಾತು ಕೇಳಬೇಕು?

ಸೂರತ್ತಿನಲ್ಲಿರುವ ನಮ್ಮ ಷಡ್ಡಕರು ಹತ್ತು ವರ್ಷದ ಹಿಂದೆ ತಮ್ಮ ಮನೆಗೆ ಒಂದು ದಾರಿ ಹೇಳಿಕೊಟ್ಟಿದ್ದರು. ನಮ್ಮ ಮನೆಯಾಕೆಗೆ ಇಂದಿಗೂ ಅದೇ ದಾರಿ. ಆ ರಸ್ತೆ ಅಗೆದಿದ್ದಾರೆಂದು ರಿಕ್ಷಾದವನು ಎಷ್ಟು ಹೇಳಿದರೂ, "ಭಾವ ಹೇಳಿದ್ದಾರೆ" ಎಂದರೆ ಮುಗಿಯಿತು. ವಡೋದರದ ನಮ್ಮ ಕಚೇರಿಯ ರೂಟರ್ ಯಂತ್ರವೂ ಇದೇ ಜಾಯಮಾನದ್ದೆಂದು ತಿಳಿದದ್ದು ಈಚೆಗೆ.

ನಮ್ಮಲ್ಲಿಂದ ಅಹಮದಾಬಾದಿನ ಕಚೇರಿಗೆ ವೇಗದ ತಂತಿಯೊಂದಿತ್ತು. ಆಪತ್ಕಾಲಕ್ಕಿರಲೆಂದು ನಿಧಾನದ ಇನ್ನೊಂದನ್ನು ಹಾಕಿದರು. ಅಂದಿನಿಂದ ಪರದೆ ಅಲುಗದು! ವಿಧವಾ ಪಿಂಚಣಿಯ ಅರ್ಜಿ ಹಿಡಿದು ಹಳ್ಳಿಯಿಂದ ಬರುತ್ತಿದ್ದ ಮುದುಕಿಯೊಬ್ಬರಿಗೆ ಮೂರು ದಿನವೂ "ಸರ್ವರ್ ಡೌನ್, ಬಾ" ಎಂದು ಹೇಳಿ ಕಳುಹಿಸಿದೆವು. ಮೂರು ದಿನದ ಬಸ್ಸಿನ ಖರ್ಚು ಆಕೆಯದು.

ಡೌನ್ ಆದದ್ದು ಏನೂ ಇರಲಿಲ್ಲ. ನಾಲ್ಕನೆಯ ದಿನ ಬಂದ ಎಂಜಿನಿಯರ್ ಹುಡುಗ ತಿಳಿಯಹೇಳಿದ. ಓ.ಎಸ್.ಪಿ.ಎಫ್. ಎಂಬ ಏರ್ಪಾಡಿನಲ್ಲಿ ರೂಟರುಗಳು ನೆರೆಹೊರೆಯ ಸುದ್ದಿ ಹಂಚಿಕೊಂಡು, ತಾವೇ ನಕ್ಷೆ ಬರೆದುಕೊಂಡು, ಕಡಿಮೆ ವೆಚ್ಚದ ದಾರಿ ಹುಡುಕುತ್ತವೆ. ಅದರ ಲೆಕ್ಕ ಡೈಕ್‌ಸ್ಟ್ರಾ ಎಂಬ ಡಚ್ ಪಂಡಿತ 1956ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾಫಿ ಕುಡಿಯುತ್ತ ಇಪ್ಪತ್ತು ನಿಮಿಷದಲ್ಲಿ ಹೊಳೆಯಿಸಿಕೊಂಡದ್ದಂತೆ. (ನಾವೂ ಕಾಫಿ ಕುಡಿಯುತ್ತೇವೆ!) ಹೊಸ ತಂತಿಯ ದಾರಿಯನ್ನಾದರೋ ಯಾರೋ ಕೈಯಿಂದ ಬರೆದಿಟ್ಟಿದ್ದರು. ಒಂದೇ ಊರಿಗೆ ಇಬ್ಬರು ಎರಡು ದಾರಿ ಹೇಳಿದರೆ ಯಾರನ್ನು ನಂಬಬೇಕು? ಅದಕ್ಕೊಂದು ಅಂಕೆಯುಂಟು, ಹೆಸರು 'ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್'. ದೂರವೆಂಬ ಹೆಸರಿದ್ದರೂ ಅದು ಮೈಲಿಯ ಲೆಕ್ಕವಲ್ಲ, ನಂಬಿಕೆಯ ಲೆಕ್ಕ. ಅಂಕೆ ಕಡಿಮೆಯಾದಷ್ಟೂ ನಂಬಿಕೆ ಹೆಚ್ಚು. ಸಿಸ್ಕೋ ಯಂತ್ರದಲ್ಲಿ ಕೈಬರಹಕ್ಕೆ 1, ಓ.ಎಸ್.ಪಿ.ಎಫ್.ಗೆ 110. ಭಾವನ ಮಾತೇ ಗೆದ್ದಿತು. ವೇಗದ ತಂತಿ ಖಾಲಿ ಬಿದ್ದಿತ್ತು. 255 ಎಂದು ಬರೆದರೆ ಆ ಮಾತನ್ನು ಕಿವಿಗೇ ಹಾಕಿಕೊಳ್ಳದಂತೆ. ನಮ್ಮ ಮನೆಯಲ್ಲಿ ಆ ಅಂಕೆ ಯಾರದೆಂದು ಹೇಳಬೇಕಾಗಿಲ್ಲ.

ಮೊದಲು ಬಂದವರು ಓ.ಎಸ್.ಪಿ.ಎಫ್.ನ ವೆಚ್ಚವನ್ನು ತಿದ್ದಿಹೋಗಿದ್ದರು. ಅದರಿಂದ ಏನಾದೀತು? ವೆಚ್ಚ ನೋಡುವುದು ಅದರ ಸ್ವಂತ ದಾರಿಗಳ ನಡುವೆ ಮಾತ್ರ. ಹುಡುಗ ಕೈಬರಹದ 1ನ್ನು 200 ಮಾಡಿದ. ವೇಗದ ತಂತಿ ಕಡಿದು ಓ.ಎಸ್.ಪಿ.ಎಫ್. ಹೇಳಿದ ದಾರಿ ಅಳಿಸಿಹೋದಾಗ ಮಾತ್ರ ಅದು ಮೇಲೆ ಬರಲಿ ಎಂದು.

ಆದರೂ ಪರದೆ ಕುಂಟಿತು. ಈ ನಂಬಿಕೆ ಆಯಾ ಯಂತ್ರದ ಮನೆಯೊಳಗಿನ ಸಂಗತಿ; ನೆರೆಯವರಿಗೆ ತಿಳಿಸುವುದಿಲ್ಲ. ನಮ್ಮ ಪ್ರಶ್ನೆ ಹೊಸ ವೇಗದಲ್ಲಿ ಹೋದರೂ, ಅಹಮದಾಬಾದಿನ ಯಂತ್ರ ತನ್ನಲ್ಲಿದ್ದ 1ನ್ನು ನಂಬಿ ಉತ್ತರವನ್ನು ನಿಧಾನದ ತಂತಿಯಲ್ಲೇ ಕಳುಹಿಸುತ್ತಿತ್ತು. ಫೋನು ಮಾಡಿ ಅಲ್ಲಿಯೂ 200 ಬರೆಸಿದ ಮೇಲೆ ಪರದೆ ಸರಾಗವಾಯಿತು.

ಅಂದು ಬಾ ಬರಲಿಲ್ಲ. ಅರ್ಜಿಯಲ್ಲಿದ್ದ ಮೊಮ್ಮಗನ ನಂಬರಿಗೆ ಫೋನು ಮಾಡಿದೆವು. ಮರುದಿನ ಬಂದರು, ಐದು ನಿಮಿಷದಲ್ಲಿ ಅರ್ಜಿ ದಾಖಲಾಯಿತು. ರಸೀದಿ ಮಡಿಸಿ ಸೆರಗಿಗೆ ಕಟ್ಟಿಕೊಳ್ಳುತ್ತ, "ಸರ್ವರಿಗೆ ಈಗ ಗುಣವೇ, ಭಾಯಿ?" ಎಂದು ಕೇಳಿದರು. ಹೌದೆಂದೆವು.